ಅನುಮಾನಕ್ಕೂ ಸಂಬಳ ಕೊಡಿ

ಹೋದ ಮಳೆಗಾಲದ ಒಂದು ರಾತ್ರಿ ನಮ್ಮ ಕ್ಲೈಂಟಿನ ಆರ್ಡರ್ ತೆಗೆದುಕೊಳ್ಳುವ ವ್ಯವಸ್ಥೆ ನಲವತ್ತು ನಿಮಿಷ ನಿಂತುಹೋಯಿತು. ಐಟಿಯಲ್ಲಿರುವವರಿಗೆ ಇದರ ಬಿಸಿ ಗೊತ್ತು. ಇಲ್ಲದವರಿಗೆ ಹೇಳುವುದಾದರೆ, ಇಂಥದ್ದೊಂದು ನಡೆದ ಎರಡು ದಿನದೊಳಗೆ 'ರೂಟ್ ಕಾಸ್' ವರದಿ ಕೊಡಬೇಕು: ಏನಾಯಿತು, ಯಾಕಾಯಿತು, ಇನ್ನೊಮ್ಮೆ ಆಗದಂತೆ ಏನು ಮಾಡುತ್ತೀರಿ. ಮೊದಲೆಲ್ಲ ಈ ವರದಿಗೆ ಇಬ್ಬರು ಹುಡುಗರ ಒಂದು ಪೂರ್ತಿ ದಿನ ಹಿಡಿಯುತ್ತಿತ್ತು. ಈ ಸಲ ಎಐ ಇಪ್ಪತ್ತು ನಿಮಿಷದಲ್ಲಿ ಬರೆದುಕೊಟ್ಟಿತು. ನಾಲ್ಕು ಪುಟ, ಒಂದು ಚಿತ್ರ, ನಾವ್ಯಾರೂ ಬರೆಯಲಾರದಂಥ ಇಂಗ್ಲಿಷ್. ಡೆವಲಪರ್ ಓದಿದ, ಲೀಡ್ ಓದಿದಳು, ಆರ್ಕಿಟೆಕ್ಟ್ ಓದಿದರು, ಕೊನೆಗೆ ನಾನು ಓದಿದೆ. ಎಲ್ಲರೂ ಚೆನ್ನಾಗಿದೆ ಅಂದೆವು. ನಾನು ನನ್ನ ಹೆಸರು ಹಾಕಿ ಕಳಿಸಿದೆ.

ಮರುದಿನ ಕ್ಲೈಂಟಿನ ಕಡೆಯಿಂದ, ನಿವೃತ್ತಿಗೆ ಹತ್ತಿರವಾದ ಒಬ್ಬ ಎಂಜಿನಿಯರಿಂದ, ಮೂರು ಸಾಲಿನ ಮೇಲ್ ಬಂತು. ನಿಮ್ಮ ವರದಿಯ ಪ್ರಕಾರ 2:10ಕ್ಕೆ ಡೇಟಾಬೇಸಿನ ಸಂಪರ್ಕಗಳು ಮುಗಿದುಹೋದವು. ನೀವು ಜತೆಗೆ ಕಳಿಸಿರುವ ಲಾಗ್ ಶುರುವಾಗುವುದೇ 2:40ಕ್ಕೆ. 2:10ಕ್ಕೆ ಏನಾಯಿತು ಎಂದು ನಿಮಗೆ ಹೇಗೆ ಗೊತ್ತು?

ಗೊತ್ತಿರಲಿಲ್ಲ. ನಾಲ್ಕು ಜನ ವರದಿ ಓದಿದ್ದೆವು, ಒಬ್ಬರೂ ಲಾಗ್ ತೆರೆದಿರಲಿಲ್ಲ. ಯಂತ್ರಕ್ಕೆ ಸಿಕ್ಕಿದ್ದು ಅರ್ಧ ಲಾಗ್. ಉಳಿದ ಅರ್ಧವನ್ನು ಅದು ಸಾಮಾನ್ಯವಾಗಿ ಏನಾಗುತ್ತದೋ ಅದರಿಂದ ತುಂಬಿಕೊಂಡಿತ್ತು. ಸಂಪರ್ಕಗಳು ಮುಗಿದುಹೋಗುವುದು ಸಾಮಾನ್ಯ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಹಾಗಾಗಿಯೇ ನನಗೆ ಅನುಮಾನ ಬರಲಿಲ್ಲ. ಆಮೇಲೆ ಕೂತು ನೋಡಿದರೆ ನಿಜವಾದ ಕಾರಣ ಬೇರೆಯೇ ಇತ್ತು: ಒಂದು ಸೆಕ್ಯುರಿಟಿ ಸರ್ಟಿಫಿಕೇಟಿನ ಅವಧಿ ಆ ರಾತ್ರಿ ಮುಗಿದಿತ್ತು. ನವೀಕರಿಸಬೇಕಾಗಿದ್ದವರು ನಾವೇ.

ಇದಾದ ಮೇಲೆ ಮೇಲಿನವರು ಕೈಗೊಂಡ ಕ್ರಮ ಕೇಳಿ. ಎಲ್ಲರಿಗೂ ಎರಡು ಗಂಟೆಯ ಕಡ್ಡಾಯ ಆನ್‌ಲೈನ್ ತರಬೇತಿ. ವಿಷಯ: ಎಐ ಯುಗದಲ್ಲಿ ವಿಮರ್ಶಾತ್ಮಕ ಚಿಂತನೆ. ಮೊದಲ ಸ್ಲೈಡಿನಲ್ಲಿ ಹಲ್ಲುಚಕ್ರಗಳು ತಿರುಗುವ ಒಂದು ಮೆದುಳು. ಮೆದುಳು ಒಂದು ಸ್ನಾಯುವಂತೆ, ಬಳಸದಿದ್ದರೆ ಸೊರಗುತ್ತದಂತೆ, ದಿನಕ್ಕೊಂದು ಒಗಟು ಬಿಡಿಸಬೇಕಂತೆ. ಕೊನೆಯಲ್ಲಿ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ. ನನ್ನ ತಂಡದ ಹುಡುಗನೊಬ್ಬ ಆ ಇಪ್ಪತ್ತೂ ಪ್ರಶ್ನೆಗಳನ್ನು ಚಾಟ್‌ಬಾಟಿಗೆ ಹಾಕಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದ. ಬೈಯೋಣವೆಂದರೆ ಬಾಯಿ ಬರಲಿಲ್ಲ, ಎರಡು ಕಾಲ್‌ಗಳ ನಡುವೆ ನಾನೂ ಅದನ್ನೇ ಮಾಡಿದ್ದೆ. ಇಬ್ಬರಿಗೂ ಪ್ರಮಾಣಪತ್ರ ಬಂದಿದೆ.

ಈ ಲೇಖನ ಆ ಹಲ್ಲುಚಕ್ರದ ಮೆದುಳಿನ ವಿರುದ್ಧ. ಎಐ ವಿರುದ್ಧ ಅಲ್ಲ. ನಾನು ಅದನ್ನು ದಿನಾ ಬಳಸುತ್ತೇನೆ, ನಾಳೆಯೂ ಬಳಸುತ್ತೇನೆ. ನನ್ನ ತಕರಾರು ಇರುವುದು, 'ನಿಮ್ಮ ಬುದ್ಧಿ ಮೊಂಡಾಗುತ್ತಿದೆ, ಹರಿತ ಮಾಡಿಕೊಳ್ಳಿ' ಎಂದು ಕೆಳಗಿನವರಿಗೆ ಉಪದೇಶ ಮಾಡುತ್ತಿರುವ ನಮ್ಮಂಥ ಮ್ಯಾನೇಜರುಗಳ ಬಗ್ಗೆ. ಆ ರಾತ್ರಿಯ ವರದಿ ಓದಿದ ನಾಲ್ಕು ಜನರಲ್ಲಿ ಯಾರೂ ದಡ್ಡರಲ್ಲ. ಲಾಗ್ ತೆರೆಯಬೇಕೆಂದು ಎಲ್ಲರಿಗೂ ಗೊತ್ತು. ತೆರೆಯಲಿಲ್ಲ, ಯಾಕೆಂದರೆ ತೆರೆಯುವುದು ಯಾರ ಕೆಲಸವೂ ಆಗಿರಲಿಲ್ಲ, ಅದಕ್ಕೆಂದು ಯಾರ ಬಳಿಯೂ ಒಂದು ಗಂಟೆ ಇರಲಿಲ್ಲ.

ಆ ಒಂದು ಗಂಟೆ ಎಲ್ಲಿ ಹೋಯಿತು ಎಂದು ಹುಡುಕಿಕೊಂಡು ಹೋದೆ. ಸಿಕ್ಕಿದ್ದು ನನ್ನದೇ ಎಕ್ಸೆಲ್ ಶೀಟಿನಲ್ಲಿ.

ಪ್ರಾಜೆಕ್ಟಿನ ಅಂದಾಜು ಪಟ್ಟಿ ಮಾಡುವಾಗ ನಾವು ಕೋಡ್ ಬರೆಯಲು ಇಷ್ಟು ಗಂಟೆ ಎಂದು ಹಾಕುತ್ತೇವೆ. ಪರಿಶೀಲನೆಗೆ ಬೇರೆ ಲೆಕ್ಕವಿಲ್ಲ. ಬರೆಯುವ ಗಂಟೆಯ ಶೇ 15 ಎಂದು ಒಂದು ಸೂತ್ರ, ಅಷ್ಟೇ. ಇದು ವರ್ಷಗಳಿಂದ ನಡೆದುಬಂದದ್ದು. ಒಂದು ಭಾಗ ಬರೆಯಲು 40 ಗಂಟೆ ಬೇಕಾದರೆ ಅದನ್ನು ಇನ್ನೊಬ್ಬ ನೋಡಲು 6 ಗಂಟೆ. ಈಗ ಎಐ ಬಂತು. ಅದೇ ಭಾಗ 12 ಗಂಟೆಯಲ್ಲಿ ಮುಗಿಯುತ್ತದೆ ಎಂದು ಮೇಲಿನಿಂದ ಸೂಚನೆ ಬಂತು. ನಾನು 40 ಅಳಿಸಿ 12 ಎಂದು ಬರೆದೆ. ಪಕ್ಕದ ಸೆಲ್‌ನಲ್ಲಿದ್ದ 6 ತಾನಾಗಿಯೇ 1.8 ಆಯಿತು. ಒಂದು ಗಂಟೆ ನಲವತ್ತೆಂಟು ನಿಮಿಷ. ಪರಿಶೀಲನೆ ಕಡಿಮೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆ ತೀರ್ಮಾನವನ್ನು ಯಾವ ಮನುಷ್ಯನೂ ತೆಗೆದುಕೊಳ್ಳಲಿಲ್ಲ. ಸೂತ್ರ ತೆಗೆದುಕೊಂಡಿತು, ನಾನು ಸೇವ್ ಒತ್ತಿದೆ.

ಇದರ ತಮಾಷೆ ಏನೆಂದರೆ, ಯಂತ್ರ ಬರೆದ ಕೋಡ್ ಉದ್ದ ಜಾಸ್ತಿ. ಅದು ಬರೆದದ್ದನ್ನು ನಮ್ಮಲ್ಲಿ ಯಾರೂ ಯೋಚಿಸಿ ಕಟ್ಟಿರುವುದಿಲ್ಲ, ಹಾಗಾಗಿ ಯಾಕೆ ಹೀಗೆ ಬರೆದಿದೆ ಎಂದು ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ಅಪರಿಚಿತ ಬರೆದ, ಹೆಚ್ಚು ಉದ್ದದ ಕೋಡನ್ನು ಮೊದಲಿನ ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಸಮಯದಲ್ಲಿ ನೋಡಿ ಮುಗಿಸಿ ಎಂದು ಹೇಳುತ್ತಿರುವವನು ನಾನು. ಆಮೇಲೆ ಅದೇ ಹುಡುಗರಿಗೆ ವಿಮರ್ಶಾತ್ಮಕ ಚಿಂತನೆಯ ತರಬೇತಿಗೆ ಹಾಜರಾಗಿ ಎಂದು ಮೇಲ್ ಕಳಿಸಿದವನೂ ನಾನೇ.

ಅಧ್ಯಯನಗಳ ಮಾತು ಬರುತ್ತದೆ. ಎಲ್ಲರ ವಾಟ್ಸಾಪಿನಲ್ಲೂ 2025ರ ಎಂಐಟಿ ಮೀಡಿಯಾ ಲ್ಯಾಬಿನ ಅಧ್ಯಯನ ಒಂದು ಸುತ್ತು ಹೊಡೆದಿದೆ. ಚಾಟ್‌ಜಿಪಿಟಿ ಬಳಸಿ ಪ್ರಬಂಧ ಬರೆದವರಿಗೆ ತಾವೇ ಬರೆದ ವಾಕ್ಯ ನೆನಪಾಗಲಿಲ್ಲ, ಮೆದುಳು ಮಂದವಾಗುತ್ತಿದೆ ಎಂದು. ಅದರಲ್ಲಿದ್ದವರು 54 ಜನ. 'ಮೆದುಳು ಕೊಳೆಯುತ್ತಿದೆ' ಮುಂತಾದ ಪದ ಬಳಸಬೇಡಿ ಎಂದು ಅದನ್ನು ಮಾಡಿದವರೇ ಕೇಳಿಕೊಂಡಿದ್ದರು. ಅದನ್ನು ಫಾರ್ವರ್ಡ್ ಮಾಡಿದವರು ಅಧ್ಯಯನ ಓದಿದ್ದರೆ ಅದು ತಿಳಿಯುತ್ತಿತ್ತು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇನ್ನೆರಡು. ಮೈಕ್ರೋಸಾಫ್ಟ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ 319 ಕಚೇರಿ ಕೆಲಸಗಾರರನ್ನು ಕೇಳಿದರು. ಎಐ ಮೇಲೆ ನಂಬಿಕೆ ಹೆಚ್ಚಿದ್ದವರು ವಿಮರ್ಶೆ ಕಡಿಮೆ ಮಾಡುತ್ತಿದ್ದರು, ತಮ್ಮ ಕೆಲಸದ ಮೇಲೆ ತಮಗೇ ನಂಬಿಕೆ ಇದ್ದವರು ಹೆಚ್ಚು ಮಾಡುತ್ತಿದ್ದರು. ಜನರ ಶ್ರಮ ಬರೆಯುವುದರಿಂದ ಪರೀಕ್ಷಿಸುವುದರ ಕಡೆಗೆ ಜರುಗುತ್ತಿದೆ ಎಂದೂ ಆ ವರದಿ ಹೇಳುತ್ತದೆ. ಈ ಮಾತನ್ನು ನನ್ನ ಎಕ್ಸೆಲ್ ಜತೆ ಇಟ್ಟು ನೋಡಿ. ಶ್ರಮ ಪರೀಕ್ಷೆಯ ಕಡೆಗೆ ಹೋಗುತ್ತಿದೆ, ಸಂಬಳದ ಗಂಟೆಗಳು ಪರೀಕ್ಷೆಯಿಂದ ಆಚೆ ಹೋಗುತ್ತಿವೆ.

ಇನ್ನೊಂದು ಮೆಟರ್ ಎಂಬ ಸಂಸ್ಥೆಯದು. 16 ಜನ ಅನುಭವಿ ಪ್ರೋಗ್ರಾಮರುಗಳು, 246 ಕೆಲಸಗಳು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಮುಗಿಸಿದ ಮೇಲೆ ಕೇಳಿದರೆ, ಎಐನಿಂದ ಶೇ 20ರಷ್ಟು ವೇಗವಾಯಿತು ಅಂದರು. ಗಡಿಯಾರ ನೋಡಿದರೆ ಶೇ 19ರಷ್ಟು ನಿಧಾನವಾಗಿತ್ತು. ಹದಿನಾರು ಜನರಿಂದ ಜಗತ್ತನ್ನು ಅಳೆಯಬಾರದು, ಉಪಕರಣಗಳೂ ದಿನದಿನಕ್ಕೆ ಬದಲಾಗುತ್ತಿವೆ. ಆದರೆ ತಮ್ಮದೇ ಕೈಕೆಲಸದ ವೇಗ ತಮಗೇ ತಿಳಿಯಲಿಲ್ಲ ಎನ್ನುವುದು ನನ್ನನ್ನು ಕಾಡಿತು. ನನ್ನ ಶೀಟಿನ 12 ಗಂಟೆಯನ್ನು ಯಾರೂ ಗಡಿಯಾರ ಹಿಡಿದು ಅಳೆದಿಲ್ಲ.

ಇದೆಲ್ಲ ಸಾಫ್ಟ್‌ವೇರ್ ಜನರ ಮನೆಯೊಳಗಿನ ಜಗಳ, ಸರ್ಟಿಫಿಕೇಟ್ ಹೋದರೆ ಯಾರ ಮನೆಯ ಒಲೆಯೂ ಆರುವುದಿಲ್ಲ ಎಂದು ನೀವು ಹೇಳಬಹುದು. ಒಲೆ ಆರಿದ ಕಥೆ ಇದೇ ಊರಿನದು.

ನಾನು ಕೂರುವ ನಾನಕ್‌ರಾಮ್‌ಗುಡದ ಗಾಜಿನ ಕಟ್ಟಡದಿಂದ ಹೈದರಾಬಾದಿನ ಹಳೆಯ ಭಾಗಕ್ಕೆ ಒಂದು ತಾಸಿನ ದಾರಿ. ತೆಲಂಗಾಣ ಸರ್ಕಾರ 'ಸಮಗ್ರ ವೇದಿಕ' ಎಂಬ ವ್ಯವಸ್ಥೆಯೊಂದನ್ನು ಕಟ್ಟಿತು. ಬೇರೆಬೇರೆ ಇಲಾಖೆಗಳ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ, ಈ ರೇಷನ್ ಕಾರ್ಡಿನವನ ಹೆಸರಲ್ಲಿ ಕಾರು ಇದೆಯೇ, ಆಸ್ತಿ ಇದೆಯೇ ಎಂದು ಹುಡುಕಿ, ಇದ್ದರೆ ಅನರ್ಹ ಎಂದು ಗುರುತಿಸುವ ಯಂತ್ರ. 2024ರ ಜನವರಿಯಲ್ಲಿ ಅಲ್ ಜಜೀರಾ ಪ್ರಕಟಿಸಿದ ತನಿಖಾ ವರದಿ ಇದರ ಲೆಕ್ಕ ಕೊಟ್ಟಿತು: 2014ರಿಂದ 2019ರ ನಡುವೆ ತೆಲಂಗಾಣದಲ್ಲಿ 18.6 ಲಕ್ಷಕ್ಕೂ ಹೆಚ್ಚು ಆಹಾರ ಭದ್ರತಾ ಕಾರ್ಡುಗಳು ರದ್ದಾದವು, ನೋಟಿಸೂ ಇಲ್ಲದೆ. ಸೈಕಲ್ ರಿಕ್ಷಾ ತುಳಿದು ಬದುಕಿದವನೊಬ್ಬ ಆ ಯಂತ್ರದ ಕಣ್ಣಿಗೆ ಕಾರಿನ ಮಾಲೀಕನಾಗಿ ಕಂಡ. ಹೆಸರು ಹತ್ತಿರಹತ್ತಿರ ಇತ್ತು, ಅಷ್ಟೇ. ಕುಟುಂಬದ ಅಕ್ಕಿ ನಿಂತಿತು.

ಈ ಹೆಸರು ಹೊಂದಿಸುವ ಕೆಲಸ ನನಗೆ ಗೊತ್ತು. ಬ್ಯಾಂಕೊಂದರ ಗ್ರಾಹಕರ ಪಟ್ಟಿಗೆ ಇಂಥದ್ದನ್ನೇ ನಾವು ಮಾಡಿದ್ದೆವು. ಎರಡು ಪಟ್ಟಿಗಳಿಗೆ ಸಮಾನವಾದ ಗುರುತು ಸಂಖ್ಯೆ ಇಲ್ಲದಾಗ ಹೆಸರು, ತಂದೆಯ ಹೆಸರು, ವಿಳಾಸ ಹೋಲಿಸುತ್ತೇವೆ. ಉಚ್ಚಾರಣೆ ಎಷ್ಟು ಹತ್ತಿರ, ಎಷ್ಟು ಅಕ್ಷರ ಬದಲಿಸಿದರೆ ಒಂದು ಇನ್ನೊಂದಾಗುತ್ತದೆ ಎಂದು ಅಂಕ ಕೊಡುತ್ತೇವೆ. ಅಂಕ ಒಂದು ಗೆರೆ ದಾಟಿದರೆ ಇಬ್ಬರೂ ಒಬ್ಬರೇ. ಆ ಗೆರೆಯನ್ನು ಎಲ್ಲಿ ಎಳೆಯಬೇಕು? ನಮ್ಮ ಬೀದರ್ ಕಡೆ ಬಸವರಾಜ, ತಂದೆ ಶಿವರಾಜ, ಭಾಲ್ಕಿ ತಾಲೂಕು ಎಂದರೆ ಎಷ್ಟು ಜನ ಎದ್ದು ನಿಲ್ಲುತ್ತಾರೆ ಊಹಿಸಿ. ಹೈದರಾಬಾದಿನಲ್ಲಿ ಸಯ್ಯದ್ ಎಂಬ ಹೆಸರನ್ನು ಒಂದೊಂದು ಕಚೇರಿ ಒಂದೊಂದು ರೀತಿ ಇಂಗ್ಲಿಷಿನಲ್ಲಿ ಬರೆಯುತ್ತದೆ. ತೆಲುಗರ ಮನೆತನದ ಹೆಸರು ಒಂದು ಕಾಗದದಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಬಡವರ ವಿಳಾಸವೆಂದರೆ ಮಸೀದಿ ಹಿಂದೆ, ಟ್ಯಾಂಕಿನ ಎದುರು. ಇಂಥ ಕಡೆ ಯಂತ್ರ ತಪ್ಪು ಮಾಡಿತು ಎನ್ನುವುದು ಸುದ್ದಿಯೇ ಅಲ್ಲ, ತಪ್ಪು ಮಾಡದಿದ್ದರೆ ಸುದ್ದಿ. ಬ್ಯಾಂಕಿನ ಕೆಲಸದಲ್ಲಿ ನಾವು ಗೆರೆಯ ಆಸುಪಾಸಿನ ಹೆಸರುಗಳನ್ನೆಲ್ಲ ಬೇರೆ ಮಾಡಿ ಮನುಷ್ಯರ ಮುಂದೆ ಇಡುತ್ತಿದ್ದೆವು. ಅವರು ಫೋನ್ ಮಾಡಿ ಕೇಳುತ್ತಿದ್ದರು. ಬ್ಯಾಂಕಿನವರು ಅದಕ್ಕೆ ದುಡ್ಡು ಕೊಟ್ಟರು, ಯಾಕೆಂದರೆ ತಪ್ಪಾದರೆ ಅವರ ಗ್ರಾಹಕ ಬಿಟ್ಟುಹೋಗುತ್ತಾನೆ. ರೇಷನ್ ಅಂಗಡಿಯ ಗ್ರಾಹಕ ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ಈ ರದ್ದತಿಯ ವಿಷಯ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರ ಅರ್ಜಿಯಿಂದ ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟು, 2016ರಿಂದ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಮನೆಗೆ ಹೋಗಿ ಪರಿಶೀಲಿಸಿ ಎಂದು ರಾಜ್ಯಕ್ಕೆ ಹೇಳಿತು. ಅದೇ ವರದಿಯ ಪ್ರಕಾರ ಆ ಜುಲೈ ಹೊತ್ತಿಗೆ ಪರಿಶೀಲಿಸಿದ ಸುಮಾರು 2.05 ಲಕ್ಷ ಅರ್ಜಿಗಳಲ್ಲಿ 15,471 ಕುಟುಂಬಗಳು ಅರ್ಹವೆಂದು ಕಂಡುಬಂದವು. ಶೇ 7.5. ನಾನು ಈ ಸಂಖ್ಯೆಯನ್ನು ಮ್ಯಾನೇಜರ್ ಕಣ್ಣಿನಿಂದ ನೋಡಿದೆ, ನನಗೇ ಹೇಸಿಗೆಯಾಯಿತು. ನಮ್ಮ ಸ್ಲೈಡುಗಳಲ್ಲಿ ಇದನ್ನೇ ಶೇ 92.5 ನಿಖರತೆ ಎಂದು ಹಸಿರು ಬಣ್ಣದಲ್ಲಿ ಹಾಕಿ ಚಪ್ಪಾಳೆ ಗಿಟ್ಟಿಸುತ್ತೇವೆ.

ಇಲ್ಲಿ ಯಾರ ವಿಮರ್ಶಾತ್ಮಕ ಚಿಂತನೆ ಮೊಂಡಾಗಿತ್ತು? ರಿಕ್ಷಾದವನ ಮನೆಗೆ ಒಮ್ಮೆ ಹೋಗಿದ್ದರೆ ಯಾವ ಗುಮಾಸ್ತನಿಗೂ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು, ಆ ಓಣಿಯೊಳಗೆ ಕಾರು ತಿರುಗುವುದೇ ಇಲ್ಲ ಎಂದು. ಅದಕ್ಕೆ ಒಗಟು ಬಿಡಿಸುವ ಅಭ್ಯಾಸ ಬೇಡ. ಹೋಗಿ ನೋಡುವುದು ಅವನ ಕೆಲಸವಾಗಿರಬೇಕು, ಹೋಗಿ ನೋಡಿ ಯಂತ್ರ ತಪ್ಪು ಎಂದು ಬರೆದರೆ ಅವನ ಮಾತು ನಡೆಯಬೇಕು, ಬರೆದದ್ದಕ್ಕೆ ಅವನ ಮೇಲೆ ಯಾರೂ ಹರಿಹಾಯಬಾರದು. ನಾವು 'ಚಿಂತನೆ' ಎಂದು ಕರೆಯುವ ದೊಡ್ಡ ವಸ್ತು ಕೊನೆಗೆ ಒಂದು ಬಸ್ ಚಾರ್ಜು, ಅರ್ಧ ದಿನ ಮತ್ತು ಒಂದು ಸಹಿಯ ಅಧಿಕಾರಕ್ಕೆ ಬಂದು ನಿಲ್ಲುತ್ತದೆ.

ಹೆಚ್ಚು ಓದಿದವರಾದರೆ ಹೀಗಾಗುವುದಿಲ್ಲ ಎಂಬ ಭ್ರಮೆ ಇದ್ದರೆ ಬೆಂಗಳೂರಿಗೆ ಬನ್ನಿ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಟ್ರಸ್ಟಿನ ಪ್ರಕರಣದಲ್ಲಿ ಕೊಟ್ಟ ಆದೇಶದಲ್ಲಿ, ಇಲ್ಲದೇ ಇರುವ ತೀರ್ಪುಗಳ ಉಲ್ಲೇಖವಿತ್ತು. ಕೆಲವೇ ದಿನಗಳಲ್ಲಿ ಆದೇಶವನ್ನು ವಾಪಸ್ ಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಅದೇ ಊರಿನ ಸಿವಿಲ್ ನ್ಯಾಯಾಲಯವೊಂದು ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಆಧಾರವಾಗಿಟ್ಟು ಆದೇಶ ಬರೆದಿದ್ದನ್ನು ಗುರುತಿಸಿ ವಿಚಾರಣೆಯಾಗಬೇಕೆಂದಿತು. ಆ ತೀರ್ಪುಗಳು ಯಂತ್ರದಿಂದ ಬಂದವೋ ಇನ್ನೆಲ್ಲಿಂದಲೋ, ಒಂದು ಸಲ ಪುಸ್ತಕ ತೆರೆದು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದರ ಮೂಲಪುರುಷ ನ್ಯೂಯಾರ್ಕಿನವನು. 2023ರಲ್ಲಿ ಅಲ್ಲಿನ ವಕೀಲನೊಬ್ಬ ವಿಮಾನ ಕಂಪನಿಯ ವಿರುದ್ಧದ ದಾವೆಯಲ್ಲಿ ಚಾಟ್‌ಜಿಪಿಟಿ ಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ. ಅವನು ಅನುಮಾನವನ್ನೇ ಪಡಲಿಲ್ಲ ಅನ್ನಬೇಡಿ. ಪಟ್ಟಿದ್ದ. ಈ ಪ್ರಕರಣ ನಿಜವೇ ಎಂದು ಕೇಳಿದ್ದ, ಅದೇ ಚಾಟ್‌ಜಿಪಿಟಿಯನ್ನು. ಅದು ಹೌದು ಅಂದಿತ್ತು.

ಕೋರ್ಟಿನ ಈ ತಪ್ಪುಗಳಿಗೂ ರೇಷನ್ ಕಾರ್ಡಿನ ತಪ್ಪಿಗೂ ಇರುವ ಒಂದು ವ್ಯತ್ಯಾಸದ ಮೇಲೆ ನಾನು ತುಂಬಾ ದಿನ ಯೋಚಿಸಿದೆ. ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯ ವಕೀಲರು, ಈ ತೀರ್ಪುಗಳು ನಮಗೆಲ್ಲೂ ಸಿಗುತ್ತಿಲ್ಲ ಎಂದು ಹೇಳಿದರು. ಬೆಂಗಳೂರಿನ ಸಿವಿಲ್ ಪ್ರಕರಣವೂ ಹೈಕೋರ್ಟಿಗೆ ತಿಳಿದದ್ದು, ಆದೇಶದಿಂದ ಪೆಟ್ಟು ತಿಂದವರು ಎತ್ತಿ ತೋರಿಸಿದ್ದರಿಂದ. ಕೋರ್ಟಿನಲ್ಲಿ ಎದುರು ಪಕ್ಷ ಎಂಬುದೊಂದು ಇರುತ್ತದೆ. ನಿನ್ನ ಮಾತಿನಲ್ಲಿ ತಪ್ಪು ಹುಡುಕುವುದಕ್ಕೆಂದೇ ದುಡ್ಡು ಪಡೆದು ಕೂತ ಮನುಷ್ಯ. ಅವನು ನಿನಗಿಂತ ಬುದ್ಧಿವಂತನಾಗಬೇಕಿಲ್ಲ, ಅವನ ಲಾಭ ಬೇರೆ ಕಡೆ ಇದ್ದರೆ ಸಾಕು. ರಿಕ್ಷಾದವನ ಮನೆಗೆ ಅಂಥ ವಕೀಲ ಇರಲಿಲ್ಲ. ಹಾಗಾಗಿ ಕೋರ್ಟಿನಲ್ಲಿ ದಿನಗಳಲ್ಲಿ, ತಿಂಗಳುಗಳಲ್ಲಿ ಬಯಲಾದ ಜಾತಿಯ ತಪ್ಪು ಅಲ್ಲಿ ವರ್ಷಗಟ್ಟಲೆ ತೆಗೆದುಕೊಂಡಿತು.

ನಮ್ಮ ಕಚೇರಿಗಳಲ್ಲಿ ಎದುರು ಪಕ್ಷದ ವಕೀಲರು ಇದ್ದರು. ಅವರನ್ನು ಟೆಸ್ಟರ್ ಎಂದು ಕರೆಯುತ್ತಿದ್ದೆವು. ನಾನು ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳ ಮುಂದೆ ಸಾಲು ನಿಂತಿದ್ದ ಕಾಲದಲ್ಲಿ ಕೋಡ್ ಬರೆಯಲು ಬಾರದವರು ಟೆಸ್ಟಿಂಗ್ ಕಲಿಯುತ್ತಾರೆ ಎಂಬ ಉಡಾಫೆ ಇತ್ತು. ನಾನೂ ಹಾಗೇ ಮಾತಾಡಿದವನು. ಮೊದಲ ಕೆಲಸದಲ್ಲಿ ನಮ್ಮ ತಂಡದಲ್ಲಿ ವಿಜಯನಗರ ಕಡೆಯ ಒಬ್ಬ ಹೆಣ್ಣುಮಗಳು ಟೆಸ್ಟರ್ ಆಗಿದ್ದಳು. ನಾವು ಮುಗಿಯಿತು ಎಂದು ಕೊಟ್ಟದ್ದನ್ನು ತೆಗೆದುಕೊಂಡು, ಹುಟ್ಟಿದ ದಿನಾಂಕದ ಜಾಗದಲ್ಲಿ ಫೆಬ್ರವರಿ 30 ಹಾಕುವುದು, ಹೆಸರಿನ ಜಾಗದಲ್ಲಿ ಚುಕ್ಕೆ ಹಾಕುವುದು, ಪಾವತಿ ಗುಂಡಿಯನ್ನು ಎರಡು ಸಲ ಒತ್ತುವುದು, ಹೀಗೆ. ಶುಕ್ರವಾರ ಸಂಜೆ ನಾವು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬಂದು ಒಡೆದಿದೆ ಅನ್ನುತ್ತಿದ್ದಳು. ನಾವು ಅವಳನ್ನು ಶನಿ ಎಂದು ಬೆನ್ನ ಹಿಂದೆ ಕರೆಯುತ್ತಿದ್ದೆವು. ಆ ಶನಿ ಹಿಡಿದು ಕೊಟ್ಟ ತಪ್ಪುಗಳು ಹೊರಗೆ ಹೋಗಿದ್ದರೆ ನನ್ನ ಮೊದಲ ಕೆಲಸವೇ ಕೊನೆಯ ಕೆಲಸವಾಗುತ್ತಿತ್ತು.

ಅಂಥವರು ಇಂದು ನನ್ನ ತಂಡದಲ್ಲಿ ಇಲ್ಲ. ಮೊದಲು ನಾಲ್ಕು ಜನ ಇದ್ದರು, ಎರಡಾದರು, ಈಗ ಟೆಸ್ಟುಗಳನ್ನೂ ಎಐ ಬರೆಯುತ್ತದೆ. ಕೋಡ್ ಬರೆದದ್ದೂ ಅದೇ, ಅದನ್ನು ಪರೀಕ್ಷಿಸುವ ಪ್ರಶ್ನೆಪತ್ರಿಕೆ ಬರೆದದ್ದೂ ಅದೇ. ಎರಡೂ ಕಡೆಯ ವಕಾಲತ್ತು ಒಬ್ಬನೇ ಹಿಡಿದಿದ್ದಾನೆ, ಎಲ್ಲ ಟೆಸ್ಟುಗಳೂ ಹಸಿರು. ನ್ಯೂಯಾರ್ಕಿನ ವಕೀಲ ಚಾಟ್‌ಜಿಪಿಟಿಯನ್ನೇ ಸಾಕ್ಷಿಗೆ ಕರೆದದ್ದನ್ನು ನೆನೆದು ನಗುತ್ತೇವೆ. ನಾವು ಮಾಡುತ್ತಿರುವುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರೊಂದನ್ನು ಇಟ್ಟುಕೊಂಡಿದ್ದೇವೆ, ಆಟೋಮೇಷನ್.

ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಗೋಳಾಡಿದ್ದರು ಎಂದು ಸಹೋದ್ಯೋಗಿಯೊಬ್ಬರು ಊಟದ ಟೇಬಲ್ಲಿನಲ್ಲಿ ಹೇಳಿದರು. ಕ್ಯಾಲ್ಕುಲೇಟರ್ 17 ಮತ್ತು 23ನ್ನು ಗುಣಿಸಿ ಒಮ್ಮೆ 391, ಇನ್ನೊಮ್ಮೆ 401 ಎನ್ನುವುದಿಲ್ಲ. ಅದನ್ನು ನಂಬುವುದಕ್ಕೆ ಕಾರಣವಿದೆ. ಈ ಯಂತ್ರ ತಿಳಿದದ್ದನ್ನೂ ತಿಳಿಯದ್ದನ್ನೂ ಒಂದೇ ದನಿಯಲ್ಲಿ, ಒಂದೇ ಸಭ್ಯತೆಯಲ್ಲಿ ಹೇಳುತ್ತದೆ. ಮನುಷ್ಯ ಸುಳ್ಳು ಹೇಳುವಾಗ ಎಲ್ಲೋ ತಡವರಿಸುತ್ತಾನೆ, ನಾವು ಹಿಡಿಯುತ್ತೇವೆ. ಅದು ತಡವರಿಸುವುದಿಲ್ಲ.

ಹಿಡಿಯಬೇಕಾದರೆ ಮೊದಲು ವಿಷಯ ಗೊತ್ತಿರಬೇಕು. ಇದನ್ನು ಕಲಿಸಿದವಳು ನನ್ನ ಮಗಳು. ಒಂಬತ್ತನೇ ತರಗತಿ. ಇಲ್ಲಿಯ ಶಾಲೆಯಲ್ಲಿ ತೆಲುಗು ಕಲಿಯುತ್ತಾಳೆ, ಮನೆಯಲ್ಲಿ ಕನ್ನಡ ಆಡುತ್ತಾಳೆ, ಕನ್ನಡ ಓದುವುದು ಅವಳಿಗೆ ಕಷ್ಟ. ಶಾಲೆಯಲ್ಲಿ 'ನನ್ನ ಪೂರ್ವಜರ ಊರು' ಎಂದೊಂದು ಪ್ರಾಜೆಕ್ಟ್ ಕೊಟ್ಟರು. ಬೀದರ್ ಬಗ್ಗೆ ಬರೆದು ತಂದು ತೋರಿಸಿದಳು. ಕೋಟೆ ಸರಿ, ಬಿದರಿ ಕಲೆ ಸರಿ. ನಡುವೆ, ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಎಂದು ಮೈಸೂರು ಕಡೆಯ ಒಬ್ಬ ದೊಡ್ಡ ಸಾಹಿತಿಯ ಹೆಸರಿತ್ತು. ನಾನು ತಪ್ಪು ಅಂದೆ. ಎಐ ಹೇಳಿದೆ ಅಂದಳು. ಆ ಸಮ್ಮೇಳನ ನಡೆದದ್ದು 2006ರಲ್ಲಿ, ಅಧ್ಯಕ್ಷರು ರಾಯಚೂರು ಸೀಮೆಯ ಶಾಂತರಸರು. ನನಗೆ ಗೊತ್ತು, ಯಾಕೆಂದರೆ ಇಪ್ಪತ್ತೈದರ ಹುಡುಗನಾಗಿ ಜಹೀರಾಬಾದ್ ದಾರಿಯ ಬಸ್ಸು ಹಿಡಿದು ಹೋಗಿ ಆ ಜನಸಾಗರದ ಹಿಂದಿನ ಸಾಲಿನಲ್ಲಿ ನಾನು ಕೂತಿದ್ದೆ. ನಮ್ಮ ಕಡೆಯ ಒಬ್ಬ ಕವಿ, ಉರ್ದು ಬಲ್ಲ, ಗಜಲ್ ಬರೆಯುವ ಕವಿ, ಅಧ್ಯಕ್ಷ ಪೀಠದಲ್ಲಿ ಕೂತದ್ದು ಆ ದಿನ ನಮಗೆ ಎಷ್ಟು ದೊಡ್ಡದಾಗಿತ್ತು ಎಂದು ಮಗಳಿಗೆ ಹೇಳಿದೆ.

ಅವಳ ಮುಖ ಇನ್ನೂ ನೆನಪಿದೆ. ನೀನು ಅಲ್ಲಿದ್ದೆ ಸರಿ, ನಾನಿರಲಿಲ್ಲವಲ್ಲ, ನನಗೆ ಅನುಮಾನ ಯಾಕೆ ಬರಬೇಕು ಎಂದು ಕೇಳಿದಳು.

ಸರಿಯಾದ ಪ್ರಶ್ನೆ. ಅನುಮಾನ ಆಕಾಶದಿಂದ ಉದುರುವುದಿಲ್ಲ. ತಿಳಿದದ್ದಕ್ಕೂ ಕೇಳಿದ್ದಕ್ಕೂ ತಾಳೆಯಾಗದಾಗ ಅದು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ತಪ್ಪು ಬಂದರೆ ಸಾವಿರ ಜನ ಹಿಡಿಯುತ್ತಾರೆ. ಕನ್ನಡದ್ದು, ಅದರಲ್ಲೂ ಬೀದರ್ ರಾಯಚೂರುಗಳಂಥ ಅಂಚಿನ ಸೀಮೆಯದ್ದು ತಪ್ಪಾದರೆ ಹಿಡಿಯುವವರು ಎಷ್ಟು ಜನ? ಇದ್ದವರು ವಯಸ್ಸಾಗಿ ಹೋಗುತ್ತಿದ್ದಾರೆ. ಅವರು ಬರೆದಿಟ್ಟದ್ದು ಗ್ರಂಥಾಲಯಗಳ ಕಪಾಟಿನಲ್ಲಿದೆ, ಯಂತ್ರ ಓದುವ ಜಾಗದಲ್ಲಿ ಅಷ್ಟಾಗಿ ಇಲ್ಲ. ತಾಳೆ ನೋಡಲು ಕಪಾಟಿಗೆ ಹೋಗಬೇಕು. ಮಗಳ ಶಾಲೆಯಲ್ಲಿ ಲೈಬ್ರರಿಯ ಪಿರಿಯಡ್ಡನ್ನು ಈ ವರ್ಷ ಕೋಡಿಂಗ್ ಕ್ಲಾಸಿಗೆ ಬಿಟ್ಟುಕೊಟ್ಟಿದ್ದಾರೆ. ನನ್ನ ಶೀಟಿನಲ್ಲಿ 6 ಹೋಗಿ 1.8 ಆದದ್ದೂ ಇದೂ ಬೇರೆಬೇರೆ ಅಂತ ನನಗೆ ಅನಿಸುವುದಿಲ್ಲ.

ಪ್ರಶ್ನೆ ಕೇಳುವುದನ್ನು ನಮ್ಮಲ್ಲಿ ಗಂಭೀರವಾಗಿ ತೆಗೆದುಕೊಂಡವರು ಇದನ್ನು ಬರೀ ಉಪದೇಶಕ್ಕೆ ಬಿಟ್ಟಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಪವಾಡ ಮಾಡುವವರಿಗೆ ವಿಶ್ವವಿದ್ಯಾಲಯದ ಕಾಗದದಲ್ಲಿ ಪತ್ರ ಬರೆದರು, ನಮ್ಮ ಮುಂದೆ ಮಾಡಿ ತೋರಿಸಿ ಎಂದು. ಸತ್ಯಸಾಯಿ ಬಾಬಾ ಅವರಿಂದ ಉತ್ತರ ಬರಲಿಲ್ಲ. ವಿದ್ಯಾರ್ಥಿಗಳಿಗೆ ನಿಮ್ಮ ಬುದ್ಧಿ ಹರಿತವಾಗಿ ಇಟ್ಟುಕೊಳ್ಳಿ ಎಂದು ಭಾಷಣ ಮಾಡಿ ಕೂರಬಹುದಿತ್ತು. ಅವರು ಅನುಮಾನಕ್ಕೆ ಒಂದು ಸಮಿತಿ, ಒಂದು ಲೆಟರ್‌ಹೆಡ್, ಒಂದು ವಿಳಾಸ ಕೊಟ್ಟರು. ಬೈಸಿಕೊಂಡರು ಕೂಡ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮಪ್ಪ ಆಗಾಗ ಹೇಳುತ್ತಿದ್ದರು. ಭಾಲ್ಕಿಯ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಅಲ್ಲಿ ವೋಚರ್ ಬರೆದವನು ಒಬ್ಬ, ತಾಳೆ ನೋಡುವವನು ಇನ್ನೊಬ್ಬ. ಬರೆದವನೇ ನೋಡುವಂತಿಲ್ಲ. ಅಪ್ಪ ತಾಳೆ ನೋಡುವವರು. ಒಮ್ಮೆ ಮ್ಯಾನೇಜರ್ ಅವಸರ ಮಾಡಿ ಸಹಿ ಹಾಕಿ ಎಂದಾಗ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರಂತೆ. ಅಪ್ಪನ ಗಾದೆಯನ್ನು ನಾನು ನೆನಪಿಟ್ಟುಕೊಂಡೆ. ಆ ಮುಚ್ಚಳ ಹಾಕಲು ಅವರಿಗೆ ಅಲ್ಲಿ ಒಂದು ಕುರ್ಚಿ ಇತ್ತು, ಆ ಕುರ್ಚಿಗೆ ತಿಂಗಳ ಸಂಬಳ ಇತ್ತು, ತಾಳೆ ಆಗುವ ತನಕ ಬ್ಯಾಂಕಿನ ಬಾಗಿಲು ಹಾಕುತ್ತಿರಲಿಲ್ಲ ಎನ್ನುವುದನ್ನು ಮರೆತುಬಿಟ್ಟಿದ್ದೆ.

ಕಳೆದ ವಾರ ಹೊಸ ಪ್ರಾಜೆಕ್ಟಿನ ಅಂದಾಜು ಪಟ್ಟಿ ಮಾಡಿದೆ. ಬರೆಯುವ ಗಂಟೆ 12 ಎಂದೇ ಇಟ್ಟೆ, ಅದರ ಜಗಳ ಇನ್ನೊಮ್ಮೆ. ಪರಿಶೀಲನೆಯ ಸೆಲ್‌ನಲ್ಲಿದ್ದ ಸೂತ್ರ ಅಳಿಸಿ ಕೈಯಾರೆ 8 ಎಂದು ಟೈಪ್ ಮಾಡಿದೆ. ಇಬ್ಬರು ಟೆಸ್ಟರುಗಳು ಎಂದು ಒಂದು ಸಾಲು ಸೇರಿಸಿದೆ, ಅವರು ಡೆವಲಪರುಗಳ ಮ್ಯಾನೇಜರಿಗೆ ವರದಿ ಮಾಡಬಾರದು ಎಂದೂ ಬರೆದೆ. ಅಂದರೆ ನನಗೆ.

ಹಣಕಾಸು ವಿಭಾಗದಿಂದ ಶೀಟ್ ವಾಪಸ್ ಬಂದಿದೆ. ಎರಡೂ ಸಾಲುಗಳಿಗೆ ಹಳದಿ ಬಣ್ಣ, ಪಕ್ಕದಲ್ಲಿ 'ಸಮರ್ಥನೆ ಬೇಕು' ಎಂಬ ಟಿಪ್ಪಣಿ. ಗುರುವಾರ ನಾಲ್ಕು ಗಂಟೆಗೆ ಮೀಟಿಂಗ್. ನಾನು ಆ ರಾತ್ರಿಯ ವರದಿಯನ್ನೂ 2:40ಕ್ಕೆ ಶುರುವಾಗುವ ಲಾಗನ್ನೂ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕು ಜನರ ಹೆಸರಿರುವ ಕೊನೆಯ ಪುಟ ಮೇಲೆ ಇದೆ, ಅದರಲ್ಲಿ ಕೊನೆಯ ಹೆಸರು ನನ್ನದು.